ಡಿಗ್ರಿ ಹುಡುಗ್ರಿಗೆ ಟ್ಯೂಷನ್ ಯಾಕ ಅಂತ ಕೇಳಿದವರಿಗೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಾಗ ಒಬ್ಬ ಓದುಗರು ಬರೆದಿದ್ರು, ಎಸ್ಸೆಸ್ಸೆಲ್ಸಿಗೆ ಟ್ಯೂಷನ್ ಆಯ್ತು, ಪಿಯುಸಿಗೆ ಆಯ್ತು, ಈಗ ಡಿಗ್ರಿ ಹುಡುಗ್ರೂ ಟ್ಯೂಷನ್‌ಗೆ ಹೊಂಟಾರ, ಹಂಗಾದ್ರ ಕಾಲೇಜ್ ಯಾಕ ಬೇಕು ಅಂತ. ಅವರ ಸಿಟ್ಟು ಅರ್ಧ ಖರೇನ ಐತಿ, ಪಾಸ್ ಮಾಡಿಸೋದಕ್ಕ ಗ್ಯಾರಂಟಿ ಕೊಡೋ ಬೋರ್ಡು ನಮ್ಮೂರ ಬಸ್‌ಸ್ಟ್ಯಾಂಡ್ ಸುತ್ತ ನಾನೂ ನೋಡೀನಿ. ಆದ್ರ ಮ್ಯಾಥ್ಸ್ ಆನರ್ಸ್ ಓದೋರ ವಿಷಯಕ್ಕ ಬಂದ್ರ ಆ ಮಾತು ಕೂಡಂಗಿಲ್ಲ.

ನಾನು ಸಿಂಧನೂರಿನವ, ಎಂಎಸ್ಸಿ ಮ್ಯಾಥ್ಸ್ ಆಗೈತಿ, ಹಗಲೊತ್ತು ಬ್ಯಾರೆ ಕೆಲಸ, ಸಂಜಿ ಮುಂದ ಸುತ್ತಮುತ್ತಲ ಕ್ಯಾಂಪ್ ಅನ್ನೋ ಸಣ್ಣ ಊರುಗಳಿಂದ ನಾಕೈದು ಡಿಗ್ರಿ ಹುಡುಗ್ರು ಮನಿಗೆ ಬರ್ತಾರ, ಒಬ್ಬಾಕಿ ಬೆಂಗಳೂರಾಗ ಆನರ್ಸ್ ಮಾಡಾಕತ್ತಾಳ, ಅಕಿ ಫೋನಿನಾಗ ಸಿಗ್ತಾಳ. ಇವ್ರೆಲ್ಲ ಪಿಯುಸಿಯಾಗ ಗಣಿತದಾಗ ಫಸ್ಟ್ ಬಂದೋರ, ದಡ್ಡರಲ್ಲ. ಆದ್ರ ಪಿಯುಸಿ ಕ್ಯಾಲ್ಕುಲಸ್ ಅಂದ್ರ ಏನ್ರಿ, ಡಿಫರೆನ್ಷಿಯೇಟ್ ಮಾಡು, ಇಂಟಿಗ್ರೇಟ್ ಮಾಡು, ಬುಕ್ಕಿನ ಹಿಂದ ಉತ್ತರ ತಾಳೆ ನೋಡು, ಆಮೇಲೆ ಸಿಇಟಿಯಾಗ 80 ನಿಮಿಷಕ್ಕ 60 ಪ್ರಶ್ನೆ, ನಾಕರಾಗ ಒಂದು ಗೋಲ ತುಂಬು. ಅಲ್ಲಿ ಯಾಕ ಅಂತ ಕೇಳಿದ್ರ ಟೈಮ್ ವೇಸ್ಟ್. ಆನರ್ಸ್‌ಗೆ ಹೋದ ಮೊದಲ ವಾರಕ್ಕ ಪೂರ್ತಿ ಉಲ್ಟಾ, ಎಕ್ಸ್ 2ರ ಹತ್ರ ಹೋದ್ರ ಎಕ್ಸ್ ಸ್ಕ್ವೇರ್ 4ರ ಹತ್ರ ಹೋಗ್ತೈತಿ ಅನ್ನೋದು ಕೂಸಿಗೂ ಗೊತ್ತು, ಅದನ್ನ ಸಾಧಿಸಿ ತೋರಿಸು ಅಂತಾರ. ಹುಡುಗ್ರು ಕಕ್ಕಾಬಿಕ್ಕಿ.

ಇದರಾಗ ಅವರ ತಪ್ಪೇನೂ ಇಲ್ಲ. ನ್ಯೂಟನ್, ಲೈಬ್ನಿಜ್ ಕ್ಯಾಲ್ಕುಲಸ್ ಕಟ್ಟಿದ್ದು 17ನೇ ಶತಮಾನದಾಗ, ಆದ್ರ ಈ ಹತ್ರ ಹೋಗೋದು, ಅಂದ್ರ ಲಿಮಿಟ್, ಖರೇ ಏನು ಅನ್ನೋದಕ್ಕ ಗಟ್ಟಿ ಬುನಾದಿ ಬೀಳಬೇಕಂದ್ರ 1817ರಾಗ ಬೊಲ್ಜಾನೊ, 1821ರಾಗ ಕೋಶಿ, ಆಮೇಲೆ ಬರ್ಲಿನ್‌ನಾಗ ವೈಯರ್‌ಸ್ಟ್ರಾಸ್ ಬರಬೇಕಾತು. ಅಂಥಾ ದೊಡ್ಡೋರಿಗೇ ನೂರೈವತ್ತು ವರ್ಷದ ಮ್ಯಾಲೆ ಹಿಡಿದ ವಿಷಯ ಅದು, ನಮ್ಮ ಮಾನ್ವಿ, ಲಿಂಗಸೂಗೂರು ಹುಡುಗ್ರು ಒಂದು ಸೆಮಿಸ್ಟರ್‌ನಾಗ ಒಬ್ಬೊಬ್ರ ಕೂತು ಅರಗಿಸ್ಕೋಬೇಕು ಅಂದ್ರ ಹ್ಯಾಂಗ.

ಟ್ಯೂಷನ್ ಅಂದ್ರ ಎಂಥಾದ್ದು ಅನ್ನೋದ ಇಲ್ಲಿ ಮುಖ್ಯ. ಬೆಂಗಳೂರಾಗಿರೋ ಹುಡುಗಿ ಇದೇ ಎಕ್ಸ್ ಸ್ಕ್ವೇರ್ ಲೆಕ್ಕ ಬಿಡಿಸಿ ವಾಟ್ಸಾಪ್‌ನಾಗ ಫೋಟೊ ಕಳಿಸಿದ್ಲು. ಇದರಾಗ ಎಪ್ಸಿಲಾನ್ ಅಂದ್ರ ಎಕ್ಸ್ ಸ್ಕ್ವೇರ್ 4ರಿಂದ ಎಷ್ಟು ದೂರದೊಳಗ ಇರಬೇಕು ಅನ್ನೋ ಗಡಿ, ಡೆಲ್ಟಾ ಅಂದ್ರ ಅದಕ್ಕ ಎಕ್ಸ್ 2ರಿಂದ ಎಷ್ಟು ದೂರದೊಳಗ ಇರಬೇಕು ಅನ್ನೋ ಗಡಿ. ಎಕ್ಸ್ ಸ್ಕ್ವೇರ್ ಮೈನಸ್ 4 ಅನ್ನೋದನ್ನ ಎಕ್ಸ್ ಮೈನಸ್ 2, ಎಕ್ಸ್ ಪ್ಲಸ್ 2 ಅಂತ ಒಡೆದಾಳ, ಅದು ಸರಿ, ಆಮೇಲೆ ಡೆಲ್ಟಾ ಅಂದ್ರ ಎಪ್ಸಿಲಾನ್ ಭಾಗಿಸು ಎಕ್ಸ್ ಪ್ಲಸ್ 2ರ ಮಾಡ್ಯುಲಸ್ ಅಂತ ಇಟ್ಟು, ಕೆಳಗ ಗೆರಿ ಹೊಡೆದು ಮುಗಿಸ್ಯಾಳ. ನೋಡಾಕ ಭಾಳ ಚಂದ ಐತಿ, ಎಲ್ಲಾ ಕ್ಯಾನ್ಸಲ್ ಆಗಿ ಎಪ್ಸಿಲಾನ್ ಬರ್ತೈತಿ, ಆದ್ರ ಅದು ಪ್ರೂಫ್ ಅಲ್ಲ. ನಾನು ಫೋನ್ ಮಾಡಿ ಒಂದ ಪ್ರಶ್ನೆ ಕೇಳ್ದೆ, ಎಪ್ಸಿಲಾನ್ ಎದುರಿನವ ಕೊಡ್ತಾನ, ಅದನ್ನ ನೋಡಿ ಡೆಲ್ಟಾ ನೀ ಕೊಡಬೇಕು, ಎಕ್ಸ್ ಬರೋದು ಅದಾದ ಮ್ಯಾಲೆ, ಹಂಗಿದ್ದಾಗ ಇನ್ನೂ ಬರದೇ ಇರೋ ಎಕ್ಸ್ ನಿನ್ನ ಡೆಲ್ಟಾದೊಳಗ ಹ್ಯಾಂಗ ಕುಂತಾನ? ಸುಮ್ನಾದ್ಲು. ಸರ್ ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಲು. ರಾತ್ರಿ ಇನ್ನೊಂದು ಫೋಟೊ ಬಂತು, ಮೊದಲ ಎಕ್ಸ್ ಅನ್ನ 2ರಿಂದ 1ಕ್ಕಿಂತ ದೂರ ಹೋಗದಂಗ ಕಟ್ಟಿಹಾಕ್ಯಾಳ, ಅಂದ್ರ ಎಕ್ಸ್ 1 ಮತ್ತ 3ರ ನಡುವ, ಆಗ ಎಕ್ಸ್ ಪ್ಲಸ್ 2 ಯಾವತ್ತೂ 5ರ ಒಳಗ, ಹಂಗಾಗಿ ಡೆಲ್ಟಾ ಅಂದ್ರ 1 ಮತ್ತ ಎಪ್ಸಿಲಾನ್ ಬೈ 5, ಇವೆರಡರಾಗ ಸಣ್ಣದು ಯಾವುದೋ ಅದು. ಆ 5 ನಾನು ಹೇಳಿಕೊಟ್ಟಿದ್ದಲ್ಲ. ನಾನ ಬೋರ್ಡ್ ಮ್ಯಾಲೆ ಬರೆದು ಕೊಟ್ಟಿದ್ರ ಎರಡು ನಿಮಿಷದ ಕೆಲಸ, ಅಕಿ ನೋಟ್ಸ್‌ಗೆ ಇಳಿಸ್ಕೊಂಡು ಪರೀಕ್ಷೆಯಾಗ ಹಂಗ ಇಳಿಸ್ತಿದ್ಲು, ಎಕ್ಸ್ ಸ್ಕ್ವೇರ್ ಬದಲಿ ಎಕ್ಸ್ ಕ್ಯೂಬ್ ಕೊಟ್ಟಿದ್ರ ಮತ್ತ ಮೊದಲಿನ ಹಾಡು.

ಉರು ಹೊಡೆಯೋ ಚಾಳಿ ನಮ್ಮ ಕಡೆ ಎಷ್ಟೈತಿ ಅಂದ್ರ, ಗೈಡಿನಾಗಿನ ಇಂಪಾರ್ಟೆಂಟ್ ಥಿಯರಮ್‌ಗೆ ಟಿಕ್ ಹಾಕ್ಕೊಂಡು, ಕ್ಲೋಸ್ಡ್ ಇಂಟರ್ವಲ್ (ಎರಡೂ ತುದಿ ಸೇರಿದ್ದು) ಮ್ಯಾಲೆ ಕಂಟಿನ್ಯುಯಸ್ ಇರೋ ಫಂಕ್ಷನ್ ಬೌಂಡೆಡ್ ಇರ್ತೈತಿ, ಅಂದ್ರ ಒಂದು ಮಿತಿ ದಾಟಂಗಿಲ್ಲ ಅನ್ನೋ ಪ್ರೂಫ್ ಒಂದಕ್ಷರ ತಪ್ಪದಂಗ ಒಪ್ಪಿಸೋ ಹುಡುಗ್ರು ಅದಾರ, ಅವ್ರಿಗೇ ಇಂಟರ್ವಲ್ ಓಪನ್ ಇದ್ರ, ಅಂದ್ರ ತುದಿ ಬಿಟ್ರ, ಏನಾಗ್ತೈತಿ ಹೇಳಪಾ ಅಂದ್ರ ಮುಖ ಮುಖ ನೋಡ್ತಾರ. 0 ಮತ್ತ 1ರ ನಡುವ 1 ಬೈ ಎಕ್ಸ್ ತಗೊಂಡ್ರ ಮುಗೀತು, 0ಯ ಹತ್ರ ಹೋದಂಗ ಏರ್ಕೊಂತ ಹೋಗ್ತೈತಿ, ಬೌಂಡೂ ಇಲ್ಲ ಏನೂ ಇಲ್ಲ. ಆದ್ರ ಅದು ತಲಿಗೆ ಹೊಳೀಬೇಕಂದ್ರ ಥಿಯರಮ್‌ನ ಒಂದೊಂದು ಷರತ್ತು ಕಿತ್ತು ನೋಡೋ ಅಭ್ಯಾಸ ಇರಬೇಕು, ಅದನ್ನ ಯಾರಾದ್ರೂ ಪಕ್ಕದಾಗ ಕೂತು ಮಾಡಿಸಬೇಕು. ಕಾಲೇಜಿನಾಗ ಅರವತ್ತು ಮಂದಿ ಮುಂದ ನಿಂತ ಲೆಕ್ಚರರ್‌ಗೆ ಅದು ಆಗದ ಮಾತು, ಪಾಪ ಎಷ್ಟೋ ಕಡೆ ಅವ್ರೂ ಗೆಸ್ಟ್ ಫ್ಯಾಕಲ್ಟಿ, ಮುಂದಿನ ವರ್ಷ ಇರ್ತಾರೋ ಇಲ್ಲೋ ಅವ್ರಿಗೇ ಗೊತ್ತಿರಂಗಿಲ್ಲ.

ಹಂಗಾಗಿ ನಮ್ಮನಿಯಾಗ ರೂಲ್ಸ್ ಸಿಂಪಲ್. ಮನಿಯಾಗ ಪ್ರಯತ್ನ ಮಾಡಿದ ಅರ್ಧ ಪೇಜ್ ಆದ್ರೂ ತರಬೇಕು, ತಪ್ಪಿದ್ರೂ ನಡೀತೈತಿ, ಖಾಲಿ ಪೇಜ್ ತಂದವ್ರಿಗೆ ಚಾ ಕುಡಿಸಿ ವಾಪಸ್ ಕಳಿಸ್ತೀನಿ. ಡೆಫಿನಿಷನ್ ಬುಕ್ ಮುಚ್ಚಿ ಬರೀಬೇಕು, ಅದರ ಸಂಗಡ ಆ ಡೆಫಿನಿಷನ್‌ಗೆ ಹೊಂದದೇ ಇರೋ ಒಂದು ಉದಾಹರಣೆ ಕೊಡಬೇಕು. ಒಬ್ಬ ಬರೆದಿದ್ದನ್ನ ಇನ್ನೊಬ್ಬ ಓದಿ, ಈ ಸಾಲು ಎಲ್ಲಿಂದ ಬಂತು ಅಂತ ಕೇಳಬೇಕು, ಕನ್ನಡದಾಗ ಜಗಳಾಡಲಿ, ಬರೆಯೋದು ಇಂಗ್ಲಿಷ್‌ನಾಗ ಬರೀಲಿ. ನಾನು ಮಾತಾಡೋದು ಭಾಳ ಕಡಿಮಿ, ನಮ್ಮನಿಯಾಕಿ ನಗ್ತಾಳ, ಇದೆಂಥಾ ಟ್ಯೂಷನ್, ಮಾಸ್ತರ ಬಾಯಿ ಮುಚ್ಕೊಂಡು ಕೂಡೋದು ಅಂತ.

ಇದು ನಾನ ಕಂಡುಹಿಡಿದಿದ್ದಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಾಗ ಇವತ್ತಿಗೂ ಇಬ್ರು ಮೂವರು ಹುಡುಗ್ರನ್ನ ಕೂಡಿಸ್ಕೊಂಡು ಅವ್ರು ಬರೆದಿದ್ದನ್ನ ಮುಂದಿಟ್ಟು ಮಾತಾಡೋ ಪದ್ಧತಿ ಐತಿ, ಅದನ್ನ ಯಾರೂ ನಾಚಿಕೆಗೇಡು ಅನ್ನಂಗಿಲ್ಲ. ಅಮೆರಿಕದ ಬರ್ಕ್ಲಿಯಾಗ 1970ರ ದಶಕದಾಗ ಯೂರಿ ಟ್ರೈಸ್‌ಮನ್ ಅನ್ನೋರು ಕ್ಯಾಲ್ಕುಲಸ್‌ನಾಗ ಯಾರು ಮುಂದ ಹೋಗ್ತಾರ, ಯಾರು ಬೀಳ್ತಾರ ಅಂತ ಹುಡುಗ್ರ ಹಿಂದ ತಿರುಗಿ ನೋಡಿದ್ರು, ಬೀಳೋರು ಸೋಮಾರಿಗಳಲ್ಲ, ಒಬ್ಬೊಬ್ರ ರೂಮಿನಾಗ ಕೂತು ಒದ್ದಾಡೋರು, ಗೆಲ್ಲೋರು ನಾಕು ಮಂದಿ ಕೂಡಿ ಒಬ್ಬರ ಲೆಕ್ಕ ಒಬ್ರು ತಿದ್ದೋರು. ಆಮೇಲೆ ಅವ್ರು ಸುರು ಮಾಡಿದ ವರ್ಕ್‌ಶಾಪ್‌ನಾಗ ಸುಲಭದ ಲೆಕ್ಕ ಕೊಡಲಿಲ್ಲ, ಕಷ್ಟದ್ದ ಕೊಟ್ಟು ಗುಂಪಿನಾಗ ಕೂಡಿಸಿದ್ರು. ಅಲ್ಲಿ ನಡೆದಿದ್ದು ಇಲ್ಲಿ ಯಾಕ ನಡೀಬಾರ್ದು.

2021ರಾಗ ನಾಕು ವರ್ಷದ ಆನರ್ಸ್ ತಂದ್ರು, 2024ರಾಗ ಮತ್ತ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದ್ರು, ಅದು ಸರ್ಕಾರದ ಲೆಕ್ಕಾಚಾರ. ಡಿಗ್ರಿ ಮೂರು ವರ್ಷ ಇರಲಿ ನಾಕು ಇರಲಿ, ಐಐಟಿಯಾಗ ಎಂಎಸ್ಸಿ ಮಾಡಬೇಕಂದ್ರ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಅದರಾಗ ರಿಯಲ್ ಅನಾಲಿಸಿಸ್, ಅಂದ್ರ ಇದೇ ಲಿಮಿಟ್ಟು ಪ್ರೂಫಿನ ಗಣಿತ, ತಪ್ಪಂಗಿಲ್ಲ. ಬಳ್ಳಾರಿಗೆ 2010ರಾಗ ಯೂನಿವರ್ಸಿಟಿ ಬಂತು, ಆಮೇಲೆ ರಾಯಚೂರಿಗೂ ಬಂತು, ಸಂತೋಷ. ಆದ್ರ ತುಂಗಭದ್ರಾ ಎಡದಂಡೆ ಕಾಲುವಿಯಾಗ ನೀರು ಬಿಟ್ರೂ ಕೊನೀ ಭಾಗದ ಹೊಲಕ್ಕ ಮುಟ್ಟಂಗಿಲ್ಲಲ್ರಿ, ಹಂಗ ಆಗೈತಿ ಇದು. ಕೆಕೆಆರ್‌ಡಿಬಿಯವ್ರು (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಕಟ್ಟಡಕ್ಕ ಕೊಡೋ ರೊಕ್ಕದಾಗ ಒಂದು ಚೂರು ಈ ಕಡೆ ತಿರುಗಿಸಿದ್ರ ಸಾಕು, ಒಂದೊಂದು ಡಿಗ್ರಿ ಕಾಲೇಜಿನಾಗ ಸಂಜಿ ಹೊತ್ತು ಒಂದು ರೂಮ್ ತೆಗೀರಿ, ಕಪ್ಪು ಹಲಗಿ, ಫ್ಯಾನ್, ನಾಕು ಟೇಬಲ್, ಎಂಎಸ್ಸಿ ಓದೋ ಹುಡುಗ್ರಿಗೆ ತಾಸಿನ ಲೆಕ್ಕದಾಗ ರೊಕ್ಕ ಕೊಟ್ಟು ಕೂಡಿಸ್ರಿ. ಊರಿನ ಲೈಬ್ರರಿಯಾಗ ಆಗಂಗಿಲ್ಲ, ಅಲ್ಲಿ ಪಿಎಸ್‌ಐ, ಎಫ್‌ಡಿಎ ಓದೋರಿಗೇ ಜಾಗ ಸಾಲಂಗಿಲ್ಲ, ಮ್ಯಾಲೆ ಅಲ್ಲಿ ಮಾತಾಡಂಗಿಲ್ಲ, ಪ್ರೂಫ್ ಕಲಿಯೋದ ಮಾತಾಡಿ. ಮತ್ತ ಎಂಟಿಟಿಎಸ್ ಅಂತ 1993ರಿಂದ ನಡೆಯೋ ಬ್ಯಾಸಗಿ ಶಿಬಿರ ಐತಿ, ಪ್ರೊಫೆಸರ್ ಕುಮಾರೇಶನ್ ಸುರು ಮಾಡಿದ್ದು, ಡಿಗ್ರಿ ಹುಡುಗ್ರಿಗೆ ಇದೇ ಥರ ಪ್ರಶ್ನೆ ಕೇಳಿ ಕೇಳಿ ಗಣಿತ ಕಲಿಸ್ತಾರ, ನಮ್ಮ ಕಡೆ ಹುಡುಗ್ರಿಗೆ ಅದರ ಹೆಸರ ಗೊತ್ತಿಲ್ಲ, ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳಿ ಅಂಟಿಸಾಕ ಯಾವ ಬಜೆಟ್ಟೂ ಬೇಕಾಗಿಲ್ಲ.

ಒಂದ ವಿನಂತಿ, ಅಂಥಾ ರೂಮ್ ತೆಗೆದ್ರ ಪರೀಕ್ಷೆ ಹದಿನೈದು ದಿನ ಇದ್ದಾಗ ತೆಗೀಬ್ಯಾಡ್ರಿ, ಸೆಮಿಸ್ಟರ್ ಚಾಲೂ ಆದ ಎರಡನೇ ವಾರಕ್ಕ ತೆಗೀರಿ. ಸೀಕ್ವೆನ್ಸ್ ಕನ್ವರ್ಜ್ ಆಗೋದು ಅಂದ್ರೇನು ಅಂತ ಅಲ್ಲಿ ತಪ್ಪಿದವ ಸೀರೀಸ್‌ನಾಗ ತಪ್ತಾನ, ಕಂಟಿನ್ಯುಯಿಟಿಯಾಗ ತಪ್ತಾನ, ರೀಮನ್ ಇಂಟಿಗ್ರಲ್ ಬರೋ ಹೊತ್ತಿಗೆ ಕ್ಲಾಸಿಗೇ ಬರೋದು ಬಿಟ್ಟಿರ್ತಾನ.

ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ