ಕೊನೆಯ ಲಾರಿಯೂ ಗೋರ್ಖಾ ಮುಟ್ಟಿತು

2015ರ ಏಪ್ರಿಲ್ 25ರ ಭೂಕಂಪದ ನಂತರ ಬೆಂಗಳೂರಿನಿಂದ ನೇಪಾಳಕ್ಕೆ ಕಳಿಸುತ್ತಿದ್ದ ಪರಿಹಾರ ಸಾಮಾನಿನ ಕೊನೆಯ ಕಂತು ಮಳೆ ಹಿಡಿಯುವ ಮುಂಚೆ ಅಲ್ಲಿನ ಗೋರ್ಖಾ ಜಿಲ್ಲೆ ಸೇರಿದೆ. ಏನೇನು ಹೋಯಿತು, ಎಷ್ಟು ಖರ್ಚಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಹಣ ಕೊಟ್ಟವರು, ಗೋದಾಮು ಬಿಟ್ಟುಕೊಟ್ಟವರು, ಪಾಳಿ ಮುಗಿಸಿ ಬಂದು ಪ್ಯಾಕ್ ಮಾಡಿದ ಹುಡುಗರು, ನಮ್ಮ ಕಡೆಯ ಗಡಿ ಊರು ರಕ್ಸೌಲ್‌ವರೆಗೆ ಲಾರಿ ಓಡಿಸಿದ ಡ್ರೈವರಣ್ಣಂದಿರು, ಎಲ್ಲರಿಗೂ ಕೈಮುಗಿದು ಧನ್ಯವಾದ.

ಉಳಿದ ಮಾತೆಲ್ಲ ಒಬ್ಬರಿಗೇ ಸಲ್ಲಬೇಕು. ಗಡಿಯಾಚೆಯ ನೇಪಾಳದ ಊರು ಬೀರ್‌ಗಂಜ್ ಕಡೆಯಿಂದ ನಮ್ಮ ಕಾಗದಪತ್ರ ನೋಡಿಕೊಂಡ, ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್, ನಮ್ಮೆಲ್ಲರ ದಾಜು (ನೇಪಾಳಿಯಲ್ಲಿ ಅಣ್ಣ). ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಪರಿಹಾರ ಸಾಮಗ್ರಿ ಗಡಿಯಲ್ಲಿ ನಿಲ್ಲುವುದು ಹೆಚ್ಚಾಗಿ ಪ್ಯಾಕಿಂಗ್ ಲಿಸ್ಟ್ ಸರಿಯಿಲ್ಲದೆ. ‘ಬಟ್ಟೆ, ಔಷಧಿ, ಬಿಸ್ಕತ್ತು: 40 ಪೆಟ್ಟಿಗೆ’ ಅಂತ ಬರೆದರೆ ಕಸ್ಟಮ್ಸ್‌ನವರು ನಲವತ್ತನ್ನೂ ಬಿಚ್ಚಿಸಬೇಕಾಗುತ್ತದೆ. ಒಂದರಲ್ಲಿ ಅವಧಿ ಮುಗಿದ ಸಿರಪ್ ಸಿಕ್ಕರೂ ಇಡೀ ಲಾರಿ ನಿಂತಂತೆಯೇ. ಅದಕ್ಕೇ ದಾಜು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದು: ಒಂದು ಪೆಟ್ಟಿಗೆಗೆ ಒಂದೇ ವಸ್ತು, ಪ್ರತಿ ಪೆಟ್ಟಿಗೆಗೂ ಕ್ರಮಸಂಖ್ಯೆ, ಅದು ಎರಡು ಮಗ್ಗುಲಲ್ಲೂ ಕಾಣಬೇಕು. ಇನ್‌ವಾಯ್ಸ್‌ನಲ್ಲಿ ಬೆಲೆ ಸೊನ್ನೆ ಅಂತ ಬರೆಯುವಂತಿಲ್ಲ. ನಿಜವಾದ ಬೆಲೆ ಬರೆದು, ‘ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ, ಮಾರಾಟಕ್ಕಲ್ಲ’ ಅಂತ ಸೇರಿಸಬೇಕು. ಸಾಮಾನು ಇಳಿಸಿಕೊಳ್ಳುವ ಅಲ್ಲಿನ ನೋಂದಾಯಿತ ಸಂಸ್ಥೆಯ ಒಪ್ಪಿಗೆ ಪತ್ರ ಲಾರಿ ಹೊರಡುವ ಮುಂಚೆಯೇ ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ಸರಕಿಗೆ ವಾರಸುದಾರರೇ ಇಲ್ಲ.

ತೂಕದ ವಿಷಯದಲ್ಲಂತೂ ಅವರು ಯಾರ ಮಾತೂ ಕೇಳಲಿಲ್ಲ. ಪೆಟ್ಟಿಗೆ 25 ಕಿಲೋ ಮೀರಬಾರದು. ಗೋರ್ಖಾ ಬಜಾರಿನಿಂದ ಮೇಲಕ್ಕೆ ಎಷ್ಟೋ ಹಳ್ಳಿಗಳಿಗೆ ರಸ್ತೆಯಿಲ್ಲ, ಡೋಕೋ ಬುಟ್ಟಿಯಲ್ಲಿಟ್ಟು ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರಬೇಕು. 50 ಕಿಲೋ ಮೂಟೆ ಹೋದರೆ ದಾರಿಯಲ್ಲೇ ಬಿಚ್ಚಿ ಹಂಚಿಕೊಳ್ಳುತ್ತಾರೆ, ಅಲ್ಲಿಗೆ ಲೆಕ್ಕ ತಪ್ಪಿತು. 4×6 ಮೀಟರಿನ ಟಾರ್ಪಾಲನ್ನು ಐದೈದರ ಕಟ್ಟು ಮಾಡಿದ್ದು ಇದೇ ಕಾರಣಕ್ಕೆ.

ಔಷಧಿಗೆ ವಿಶ್ವ ಆರೋಗ್ಯ ಸಂಸ್ಥೆಯ ದೇಣಿಗೆ ನಿಯಮವೇ ಅವರ ನಿಯಮ: ಅಲ್ಲಿಯವರು ಕೇಳಿದ್ದನ್ನೇ ಕಳಿಸಬೇಕು, ಜೆನೆರಿಕ್ ಹೆಸರಿರಬೇಕು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು), ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಅತಿಯಾಯಿತು ಅನ್ನಿಸಿದವರು 2004ರ ಸುನಾಮಿಯ ನಂತರದ ‘ಆಚೆ’ (Aceh) ಪ್ರಾಂತ್ಯವನ್ನು ನೆನೆಯಬೇಕು. ಇಂಡೋನೇಷ್ಯಾದ ಆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಬಹುಪಾಲಿನ ಮೇಲೆ ಅಲ್ಲಿಯವರಿಗೆ ಓದಲು ಬಾರದ ಭಾಷೆ. ಕೊನೆಗೆ ನೂರಾರು ಟನ್ ನಾಶಮಾಡಬೇಕಾದ ಸ್ಥಿತಿ ಬಂತು.

ಮೇ 12ರ ಮಧ್ಯಾಹ್ನ 7.3ರ ಇನ್ನೊಂದು ಕಂಪನವಾಯಿತಲ್ಲ, ಆ ರಾತ್ರಿ ನಮ್ಮ ಔಷಧಿಯ ಲಾರಿ ಗಡಿಯಲ್ಲಿತ್ತು. ದಾಜು ಲಾರಿಯ ಮೇಲೇ ಕೂತು, ಮೊಬೈಲ್ ಟಾರ್ಚಿನ ಬೆಳಕಲ್ಲಿ ಒಂದೊಂದೇ ಬ್ಯಾಚ್ ನಂಬರ್ ಓದಿ, ಬೆಳಗಿನ ಜಾವದ ಹೊತ್ತಿಗೆ ಪಟ್ಟಿಯನ್ನು ಪೂರ್ತಿ ತಾಳೆ ಹಾಕಿ ಮುಗಿಸಿದರು. ಫೋನಿನಲ್ಲಿ ಕೇಳಿದ್ದೆಲ್ಲ ಸಾಮಾನಿನ ಬಗ್ಗೆಯೇ. ಮನೆಯವರನ್ನೆಲ್ಲ ಬಯಲಲ್ಲಿ ಮಲಗಿಸಿ ಬಂದಿದ್ದರು ಅನ್ನುವುದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅದೂ ಬೇರೆಯವರ ಬಾಯಿಂದ. ದಾಜು, ಒಂದು ಮಾತು ಹೇಳಬಾರದಿತ್ತೇ? ಬರೆಯುವಾಗ ಗಂಟಲು ಕಟ್ಟುತ್ತದೆ. ಇರಲಿ.

ದೇಶಗಳ ನಡುವಿನ ಸಹಕಾರ ಅಂದಾಗ ಟಿವಿಯಲ್ಲಿ ಕಾಣುವುದು ವಿಮಾನಗಳು. ಕಠ್ಮಂಡುವಿಗೆ ಇರುವುದು ಒಂದೇ ರನ್‌ವೇ. ಭಾರದ ವಿಮಾನಗಳಿಗೆ ಅದು ಕಿತ್ತುಹೋಗತೊಡಗಿ, ಮೇ ಮೊದಲ ವಾರದಲ್ಲೇ ದೊಡ್ಡವನ್ನು ತಡೆಯಬೇಕಾಯಿತು. ಅಂಥ ಇಕ್ಕಟ್ಟಿನಲ್ಲೂ ಸರಕು ಸಾಗಿದ್ದಕ್ಕೆ ದೊಡ್ಡ ಕಾರಣ, ವಿಶ್ವ ಆಹಾರ ಕಾರ್ಯಕ್ರಮದವರು ಭೂಕಂಪಕ್ಕೆ ತಿಂಗಳ ಮುಂಚೆ, ಮಾರ್ಚ್‌ನಲ್ಲಿ, ವಿಮಾನ ನಿಲ್ದಾಣದಲ್ಲೇ ಸಿದ್ಧಮಾಡಿಟ್ಟಿದ್ದ ದಾಸ್ತಾನು ಕೇಂದ್ರ. ಕಾಗದಪತ್ರವೂ ಹೀಗೇ, ಮೊದಲೇ ಸಿದ್ಧವಿರಬೇಕು. ಪರಿಹಾರದ ಸರಕಿಗೆ ಸುಂಕ ವಿನಾಯಿತಿ, ಬೇಗ ಬಿಡುಗಡೆ ಇವೆಲ್ಲ ಮೊದಲೇ ಕಾನೂನಿನಲ್ಲಿರಲಿ ಅಂತ ರೆಡ್ ಕ್ರಾಸ್ ಸಮ್ಮೇಳನ 2007ರಲ್ಲೇ ಮಾರ್ಗಸೂಚಿ ಒಪ್ಪಿದೆ. ಗೇಟಿನ ಮುಂದೆ ಲಾರಿ ನಿಲ್ಲಿಸಿಕೊಂಡು ಚರ್ಚಿಸುವ ವಿಷಯವಲ್ಲ ಅದು.

ಕ್ಲೋರಿನ್ ಮಾತ್ರೆ ಹಂಚುತ್ತಿರುವ ಗೆಳೆಯರಿಗೆ ಒಂದು ಸೂಚನೆ: 67 ಮಿಲಿಗ್ರಾಂ ಮಾತ್ರೆ 20 ಲೀಟರ್ ತಿಳಿನೀರಿಗೆ ಒಂದು, ಹಾಕಿ ಅರ್ಧ ಗಂಟೆ ಬಿಡಬೇಕು. ಮಳೆಗೆ ನೀರು ಕೆಂಪಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಎರಡು ಹಾಕಿ.

ದಾಜು ಮಾಡಿಕೊಟ್ಟ ಪಟ್ಟಿಯ ನಮೂನೆ ಯಾರಿಗೆ ಬೇಕಾದರೂ ಕಳಿಸುತ್ತೇವೆ. ಪೆಟ್ಟಿಗೆ ಸಂಖ್ಯೆ, ವಸ್ತು, ಎಣಿಕೆ, ತೂಕ, ಬ್ಯಾಚ್, ಅವಧಿ ಅಂತ ಆರು ಕಾಲಂ. ಏಳನೆಯದು ಖಾಲಿ, ಇಳಿಸಿಕೊಂಡವರ ಸಹಿಗೆ. ಹಳೇ ಬಟ್ಟೆಗೆ ಕಾಲಂ ಇಲ್ಲ.