ಹಳೆಯ ಸ್ಟ್ಯಾಂಪನ್ನು ಹೊಸದು ಮಾಡಲು ಹೋಗಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಅಂಚೆಚೀಟಿಗಳ ವಿಚಾರ ಪತ್ರಿಕೆಗಳಲ್ಲಿ ಬಂದರೆ ಅದು ಹೆಚ್ಚಾಗಿ ಯಾವುದೋ ಸ್ಟ್ಯಾಂಪು ಎಷ್ಟಕ್ಕೆ ಹರಾಜಾಯಿತು ಅನ್ನುವ ಸುದ್ದಿ. ಅದನ್ನು ಓದಿದವರು ಮನೆಯ ಹಳೆ ಪೆಟ್ಟಿಗೆ ತೆಗೆದು, ಕಾಗದಪತ್ರಗಳನ್ನೆಲ್ಲ ಹರಡಿಕೊಂಡು, ಮೊದಲು ಮಾಡುವ ಕೆಲಸ ಅಂದರೆ ಒಂದು ಬಟ್ಟಲಲ್ಲಿ ನೀರು ತಂದು ಸ್ಟ್ಯಾಂಪುಗಳನ್ನು ನೆನೆಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಹೇಳಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ಅಪರೂಪ ಅನ್ನುವ ಮಾತನ್ನು ನಾವು ತಪ್ಪಾಗಿ ಬಳಸುತ್ತೇವೆ. ಪೆನ್ನಿ ಬ್ಲ್ಯಾಕ್ ಹೆಸರು ಕೇಳದವರು ಕಡಿಮೆ. 1840ರ ಮೇ 1ರಂದು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ, ಪ್ರಪಂಚದ ಮೊದಲ ಅಂಚೆಚೀಟಿ ಅದು. ಅಚ್ಚಾದದ್ದು 6 ಕೋಟಿ 80 ಲಕ್ಷಕ್ಕೂ ಹೆಚ್ಚು. ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಹಾಗಾದರೆ ಅದಕ್ಕೆ ಯಾಕೆ ಅಷ್ಟು ಬೆಲೆ? ಒಂದು ಹಾಳೆಯಲ್ಲಿ 240 ಸ್ಟ್ಯಾಂಪು, ಸಾಲಿಗೆ ಹನ್ನೆರಡರಂತೆ ಇಪ್ಪತ್ತು ಸಾಲು. ಹರಿಯುವುದಕ್ಕೆ ತೂತುಗಳಿರಲಿಲ್ಲ, ಕತ್ತರಿಯಿಂದ ಕತ್ತರಿಸಿಯೇ ಕೊಡಬೇಕಿತ್ತು. ಎರಡು ಸ್ಟ್ಯಾಂಪಿನ ನಡುವೆ ಇದ್ದ ಜಾಗ ಬಹಳ ಸಣ್ಣದು. ಅವಸರದಲ್ಲಿದ್ದವರು ಕತ್ತರಿ ಆಡಿಸುವಾಗ ಒಂದು ಕಡೆ ಚಿತ್ರಕ್ಕೇ ತಾಗುತ್ತಿತ್ತು, ಇನ್ನೊಂದು ಕಡೆ ಪಕ್ಕದ ಸ್ಟ್ಯಾಂಪಿನ ಅಂಚು ಸೇರಿಕೊಂಡು ಬರುತ್ತಿತ್ತು. ಹಾಗಾಗಿ ನಾಲ್ಕೂ ಕಡೆ ಬಿಳಿ ಅಂಚು ಉಳಿದು, ಕಪ್ಪು ಬಣ್ಣ ಮಾಸದೆ, ಹಿಂದೆ ಅವತ್ತಿನ ಅಂಟೂ ಇರುವಂಥದ್ದು ಸಿಗುವುದು ತೀರಾ ಕಷ್ಟ. ಸ್ಟ್ಯಾಂಪು ಅಪರೂಪದ್ದಲ್ಲ, ಆ ಸ್ಥಿತಿ ಅಪರೂಪ.

ತೊಳೆಯುವ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ. ಪೆನ್ನಿ ಬ್ಲ್ಯಾಕ್ ಮೇಲೆ ಮೊದಲು ಹೊಡೆಯುತ್ತಿದ್ದದ್ದು ಕೆಂಪು ಮಸಿಯ ಮುದ್ರೆ. ಜನ ಅದನ್ನು ಅಳಿಸಿ ಅದೇ ಸ್ಟ್ಯಾಂಪನ್ನು ಇನ್ನೊಮ್ಮೆ ಅಂಟಿಸಬಹುದು ಅನ್ನುವ ಚಿಂತೆ ಅಂಚೆಯವರಿಗೆ ಹತ್ತಿತು. ಅದಕ್ಕೇ 1841ರಲ್ಲಿ ಸ್ಟ್ಯಾಂಪಿನ ಬಣ್ಣ ಕಂದುಗೆಂಪಾಯಿತು, ಮುದ್ರೆಗೆ ಕಪ್ಪು ಮಸಿ ಬಂತು. ಮುಂದೆ 1883-84ರಲ್ಲಿ ಇದೇ ಬ್ರಿಟನ್ನಿನವರು ನೇರಳೆ ಮತ್ತು ಹಸಿರು ಬಣ್ಣದ ಸ್ಟ್ಯಾಂಪುಗಳನ್ನು ತಂದರು. ಮುದ್ರೆ ಅಳಿಸಲು ಹೋದರೆ ಸ್ಟ್ಯಾಂಪಿನ ಬಣ್ಣವೇ ಹೋಗಲಿ ಅಂತ ಬೇಕೆಂದೇ ಅಂಥ ಮಸಿ ಬಳಸಿದ್ದರು. ಆ ಹಸಿರು ಸ್ಟ್ಯಾಂಪನ್ನು ನೀರಿಗೆ ಹಾಕಿದರೆ ಬಣ್ಣ ಬಿಟ್ಟು ಹಳದಿಗೆ ತಿರುಗುತ್ತದೆ. ಲಕೋಟೆಯಿಂದ ಬಿಡಿಸಲು ನೆನೆಹಾಕಿದವರ ಕೈಯಲ್ಲಿ ಇಂಥವು ಎಷ್ಟು ಹಾಳಾಗಿವೆಯೋ!

ಇನ್ನು ಹಿಂದಿನ ಅಂಟಿನ ವಿಷಯ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹತ್ತೊಂಬತ್ತನೇ ಶತಮಾನದ ಒಂದು ಸ್ಟ್ಯಾಂಪು, ಬಳಸಿಲ್ಲದ್ದು, ಮೂಲ ಅಂಟು ಹಾಗೇ ಇದೆ, ಹಿಂಜ್ (ಆಲ್ಬಮ್ಮಿಗೆ ಅಂಟಿಸಲು ಹಿಂದೆ ಹಚ್ಚುವ ಕಾಗದದ ತುಂಡು) ಗುರುತು ಕೂಡ ಇಲ್ಲ ಅಂತ ಒಬ್ಬ ಮಾರಾಟಗಾರರು ಹೇಳಿದರು. ಹಿಂದೆ ತಿರುಗಿಸಿ ನೋಡಿದೆ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಖುಷಿಯಲ್ಲಿ ಕೊಂಡುಬಿಟ್ಟೆ. ಎಷ್ಟೋ ದಿನದ ಮೇಲೆ ಒಬ್ಬ ಹಿರಿಯ ಸಂಗ್ರಾಹಕರಿಗೆ ತೋರಿಸಿದೆ. ಅವರು ಅಂಟಿನ ಕಡೆ ನೋಡಲೇ ಇಲ್ಲ. ಚಿಮಟದಲ್ಲಿ ಎತ್ತಿ, ಅಂಚಿನ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ, "ಹಲ್ಲಿನ ತುದಿ ನೋಡು" ಅಂದರು.

ನೋಡಿದೆ. ಸಾಮಾನ್ಯವಾಗಿ ಹಾಳೆಗೆ ಮೊದಲು ಅಂಟು ಬಳಿದು ಒಣಗಿಸಿ, ಆಮೇಲೆ ತೂತು ಹೊಡೆಯುತ್ತಿದ್ದರು. ಹಾಗಾಗಿ ಸ್ಟ್ಯಾಂಪು ಹರಿದಾಗ ಹಲ್ಲಿನ ತುದಿಯಲ್ಲಿ ಕಾಗದದ ಎಳೆಗಳು ಒಣಗಿ ಬಿಡಿಬಿಡಿಯಾಗಿ, ಸಣ್ಣ ಕುಂಚದ ಹಾಗೆ ಹರಡಿಕೊಂಡಿರಬೇಕು. ನನ್ನ ಸ್ಟ್ಯಾಂಪಿನಲ್ಲಿ ಆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿ ಚೂಪಾಗಿದ್ದವು. ಎರಡು ಹಲ್ಲುಗಳ ನಡುವಿನ ಕುಳಿಯಲ್ಲಿ ಅಂಟಿನ ಒಂದು ಸಣ್ಣ ಹನಿ ಹಾಗೇ ಒಣಗಿ ನಿಂತಿತ್ತು. ಅಂದರೆ ಸ್ಟ್ಯಾಂಪು ಹರಿದ ಎಷ್ಟೋ ಕಾಲದ ಮೇಲೆ ಯಾರೋ ಅದಕ್ಕೆ ಹೊಸ ಅಂಟು ಬಳಿದಿದ್ದಾರೆ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಬೇರೆ ಕಾರಣಕ್ಕೆ. ಸ್ಟ್ಯಾಂಪು ಮಾತ್ರ ಅಸಲಿ. ಅಂಟಿಲ್ಲದೆ, ಇದ್ದ ಹಾಗೇ ಬಿಟ್ಟಿದ್ದರೂ ನಾನು ಅದನ್ನು ಸಂತೋಷವಾಗಿಯೇ ಇಟ್ಟುಕೊಳ್ಳುತ್ತಿದ್ದೆ.

ಇಂಥ ಕೆಲಸ ನಡೆಯುವುದಕ್ಕೆ ಕೊಳ್ಳುವ ನಾವೂ ಕಾರಣ. ಹಿಂಜ್ ಗುರುತೇ ಇರಬಾರದು ಅಂತ ಹಟ ಹಿಡಿಯುತ್ತೇವೆ. ಆ ಕಾಲದಲ್ಲಿ ಎಲ್ಲರೂ ಸ್ಟ್ಯಾಂಪಿನ ಹಿಂದೆ ಕಾಗದದ ಸಣ್ಣ ತುಂಡು ಅಂಟಿಸಿಯೇ ಆಲ್ಬಮ್ಮಿನಲ್ಲಿ ಕೂರಿಸುತ್ತಿದ್ದರು, ಅದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ನೂರೈವತ್ತು ವರ್ಷ ಹಳೆಯ ಸ್ಟ್ಯಾಂಪಿನ ಹಿಂದೆ ಹಿಂಜ್ ಗುರುತು ಇದ್ದು, ಸುತ್ತ ಹಳೆಯ ಅಂಟು ಸ್ವಲ್ಪ ಬಿರುಕು ಬಿಟ್ಟಿದ್ದರೆ ನನಗೆ ಈಗ ಧೈರ್ಯ ಬರುತ್ತದೆ. ತೀರಾ ನುಣುಪಾಗಿ ಹೊಳೆಯುತ್ತಿದ್ದರೆ ಮೊದಲು ಹಲ್ಲು ನೋಡುತ್ತೇನೆ.

ಹಾಗಂತ ಅಂಟನ್ನು ಯಾವತ್ತೂ ಮುಟ್ಟಲೇಬಾರದು ಅಂತಲೂ ಇಲ್ಲ. ಜರ್ಮನಿಯವರು 1935ರಲ್ಲಿ ಓಸ್ಟ್ರೋಪಾ ಅನ್ನುವ ಅಂಚೆಚೀಟಿ ಪ್ರದರ್ಶನಕ್ಕೆ ನಾಲ್ಕು ಸ್ಟ್ಯಾಂಪುಗಳ ಒಂದು ಸಣ್ಣ ಹಾಳೆ ತಂದಿದ್ದರು. ಅದರ ಅಂಟಿನಲ್ಲಿ ಸಲ್ಫ್ಯೂರಿಕ್ ಆಮ್ಲ ಇತ್ತು. ಬಿಟ್ಟರೆ ಅಂಟು ಕಾಗದವನ್ನೇ ತಿಂದು ಹಾಕುತ್ತದೆ. ಅಲ್ಲಿ ತಿಳಿದವರೇ ಅಂಟು ತೊಳೆದು ಹಾಳೆ ಉಳಿಸಿಕೊಳ್ಳಿ ಅನ್ನುತ್ತಾರೆ. ತೊಳೆದದ್ದನ್ನು ತೊಳೆದದ್ದು ಅಂತಲೇ ಹೇಳಿ ಮಾರುತ್ತಾರೆ, ಅಲ್ಲಿ ಯಾರಿಗೂ ಮೋಸವಿಲ್ಲ.

ಅಂದ ಹಾಗೆ, ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಕೆನ್ನೀಲಿ ಸ್ಟ್ಯಾಂಪು ಪ್ರಪಂಚಕ್ಕೆಲ್ಲ ಒಂದೇ ಒಂದು ಅಂತ ಹೆಸರಾದದ್ದು. ಅದರ ನಾಲ್ಕೂ ಮೂಲೆ ಕತ್ತರಿಸಿ ಹೋಗಿವೆ, ಮೇಲೆ ಅಂಚೆ ಗುಮಾಸ್ತರ ಕೈಬರಹ ಬೇರೆ. ಯಾರೂ ಅದಕ್ಕೆ ಮೂಲೆ ಜೋಡಿಸಿ ಚಂದ ಮಾಡೋಣ ಅನ್ನಲಿಲ್ಲ.

ಮನೆಯಲ್ಲಿ ಹಳೆ ಲಕೋಟೆ ಸಿಕ್ಕವರಿಗೆ ನನ್ನ ಮಾತು ಇಷ್ಟೇ. ಲಕೋಟೆಯಿಂದ ಸ್ಟ್ಯಾಂಪು ಕೀಳಬೇಡಿ. ಅದರ ಮೇಲಿನ ಊರಿನ ಮುದ್ರೆ, ತಾರೀಕು, ವಿಳಾಸ ಎಲ್ಲ ಸೇರಿಯೇ ಅದಕ್ಕೆ ಬೆಲೆ. ಮಾರಿಷಸ್ಸಿನ 1847ರ ಒಂದು ಪೆನ್ನಿ ಮತ್ತು ಎರಡು ಪೆನ್ಸ್ ಸ್ಟ್ಯಾಂಪುಗಳೆರಡೂ ಒಟ್ಟಿಗೆ ಅಂಟಿರುವ, ಫ್ರಾನ್ಸಿನ ಬೋರ್ಡೋಗೆ ಹೋದ ಹೆಸರಾಂತ ಕಾಗದವೊಂದಿದೆ, ಅದರಿಂದ ಯಾರಾದರೂ ಎರಡನ್ನೂ ಬಿಡಿಸಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ಬೆರಳಲ್ಲಿ ಮುಟ್ಟಬೇಡಿ, ಚಿಮಟ ಬಳಸಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಬಣ್ಣ ಕೆಡುತ್ತದೆ. ಬಿಸಿಲು, ತೇವ ಎರಡರಿಂದಲೂ ದೂರ ಇಡಿ. ದೊಡ್ಡ ದುಡ್ಡು ಕೊಟ್ಟು ಕೊಳ್ಳುವ ಮೊದಲು ಸ್ಟ್ಯಾಂಪು ಅಸಲಿಯೇ ಅಂತ ಪರೀಕ್ಷಿಸುವ ಪರಿಣತರ ಸಮಿತಿಯ ಸರ್ಟಿಫಿಕೇಟ್ ಕೇಳಿ. ಮಾರುವವರಿಗೂ ಒಂದು ಕೋರಿಕೆ: ಅಂಟು ಬಳಿದಿದ್ದರೆ, ಹರಿದದ್ದನ್ನು ಸರಿ ಮಾಡಿದ್ದರೆ, ಮುದ್ರೆ ಅಳಿಸಿದ್ದರೆ, ಒಂದು ಸಾಲು ಬರೆದು ಕೊಡಿ. ಅಷ್ಟು ಸಾಕು.

ನನ್ನ ಆ ಸ್ಟ್ಯಾಂಪನ್ನು ನಾನು ಮಾರಲಿಲ್ಲ. ಆಲ್ಬಮ್ಮಿನಲ್ಲಿ ಅದಕ್ಕೇ ಅಂತ ಒಂದು ಪುಟ ಕೊಟ್ಟಿದ್ದೇನೆ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: "ಸ್ಟ್ಯಾಂಪು ಅಸಲಿ, ಅಂಟು ಹೊಸದು."

ಇಂತಿ,
ಒಬ್ಬ ಅಂಚೆಚೀಟಿ ಸಂಗ್ರಾಹಕ