ಬೆಟಗೇರಿಯ ಆ ಅಕ್ಕಾರಿಗೆ

ಗದಗಿನ ಕೈಮಗ್ಗ ಮೇಳದಲ್ಲಿ ನಮ್ಮ ನೂಲಿನ ಮಳಿಗೆ ಪಕ್ಕ ಕುಂತಿದ್ದ ಬೆಟಗೇರಿ ಅಕ್ಕಾರೇ, ನಿಮ್ಮ ಹೆಸರು ಕೇಳೋದೇ ಉಳೀತು.

ಗಾಳಿಗೆ ಬಿದ್ದ 14 ಲಡಿ, ಅಂದರೆ ಸುತ್ತಿಟ್ಟ ನೂಲಿನ ಸುರುಳಿಗಳು, ಒಂದಕ್ಕೊಂದು ಸಿಕ್ಕಾಗಿದ್ದವು. 20ರ ಕೌಂಟಿನ (ಕೌಂಟು ಅಂದರೆ ನೂಲು ಎಷ್ಟು ಸಣ್ಣ ಅನ್ನೋ ಅಳತೆ) ಹತ್ತಿನೂಲು, ಒಂದೊಂದೂ 840 ಗಜ. ತುದಿ ಹಿಡಿದು ಎಳೆಯಲು ಹೊರಟರೆ ಕೈ ತಡೆದಿರಿ: “ಜಗ್ಗಬ್ಯಾಡ ತಂಗಿ, ಜಗ್ಗಿದಷ್ಟೂ ಗಂಟು ಬಿಗೀತೈತಿ.” ಲಡಿಯೊಳಗೆ ಎರಡೂ ಮುಂಗೈ ತೂರಿಸಿ ಮೂರು ಸಲ ಝಾಡಿಸಿದಿರಿ. ಮೊಣಕಾಲಿಗೆ ಹಾಕಿ ಎಳೆ ಹರವಿದಾಗ ಕಟ್ಟುದಾರ ತಾನಾಗಿ ಕಂಡಿತು. ನಾವು ಒಂದೇ ಕಡೆ ಕಟ್ಟಿದ್ದೇ ತಪ್ಪು. ನಾಲ್ಕು ಕಡೆ, ಇಂಗ್ಲಿಷ್ 8ರ ಆಕಾರದಲ್ಲಿ ಎಳೆ ಬೇರ್ಪಡಿಸಿ, ಸಡಿಲವಾಗಿ ಕಟ್ಟಬೇಕಿತ್ತು. ಬಿಗಿದರೆ ಬಣ್ಣ ಹಾಕುವಾಗ ಅಲ್ಲಿ ಬಣ್ಣವೂ ಹಿಡಿಯದು.

ಗಿರಾಕಿ ಕಾಯುತ್ತಿದ್ದರೂ ನೀವು ಏಳಲಿಲ್ಲ. ಕೊನೆಯ ಲಡಿಗೆ ದಾರ ಸಾಲದಾದಾಗ ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಕಟ್ಟಿದಿರಿ. ಆ ಲಡಿ ಮಾರಿಲ್ಲ ಅಕ್ಕಾರೇ.